ದೀಪಕ್ಕೊಂದು ಅರ್ಜಿ

ಕಾಸರಗೋಡಿನ ಯಾವ ಸಭೆಗೆ ಹೋದರೂ ‘ಸಪ್ತಭಾಷಾ ಸಂಗಮಭೂಮಿ’ ಎಂಬ ಮಾತು ಬಾರದೆ ಸ್ವಾಗತ ಭಾಷಣ ಮುಗಿಯುವುದಿಲ್ಲ. ಬೆಂಗಳೂರಿನ ಅಳಿಯ ತಂದು ನಮ್ಮ ಜಗಲಿಯಲ್ಲಿ ಕೂರಿಸಿದ, ಹೇಳಿದ್ದನ್ನು ಕೇಳಿ ದೀಪ ಹಾಕುವ ಸ್ಮಾರ್ಟ್ ಸ್ಪೀಕರ್ ಎಂಬ ಡಬ್ಬಿಗೆ ಬರುವುದು ಎಂಟನೆಯದು ಮತ್ತು ಒಂಬತ್ತನೆಯದು: ಇಂಗ್ಲಿಷ್, ಹಿಂದಿ.

ಅಳಿಯ ಎರಡು ದಿನ ಬೆವರು ಸುರಿಸಿದ. ಬಲ್ಬುಗಳಿಗೆ 2.4 ಗಿಗಾಹರ್ಟ್ಸಿನ ವೈಫೈಯೇ ಆಗಬೇಕಂತೆ. ಅದೂ ನಮ್ಮ ಅಜ್ಜನ ಕಾಲದ ಮುರಕಲ್ಲಿನ ಗೋಡೆ ದಾಟುವಷ್ಟರಲ್ಲಿ ಏದುಸಿರು ಬಿಟ್ಟಿತು. ಸ್ಮಾರ್ಟ್ ಸ್ವಿಚ್ ಹಾಕೋಣವೆಂದರೆ ಹಳೆಯ ಬೋರ್ಡಿನೊಳಗೆ ನ್ಯೂಟ್ರಲ್ ತಂತಿಯೇ ಇಲ್ಲ. ಕೊನೆಗೆ ಬಲ್ಬುಗಳಷ್ಟೇ ಸ್ಮಾರ್ಟ್ ಆದವು. ‘ಮಾವ, ಇನ್ನು ಗೋಡೆಯ ಸ್ವಿಚ್ಚನ್ನು ಯಾರೂ ಮುಟ್ಟಬಾರದು. ಆಫ್ ಮಾಡಿದರೆ ಬಲ್ಬಿಗೆ ಕಿವಿ ಕೇಳಿಸುವುದಿಲ್ಲ’ ಎಂದು ಎಲ್ಲ ಸ್ವಿಚ್ಚುಗಳಿಗೂ ಟೇಪು ಅಂಟಿಸಿದ. ಒಂದು ದಿನ ರಜೆ ಹಾಕದೆ ದುಡಿದ ಸ್ವಿಚ್ಚುಗಳು ಬೀಳ್ಕೊಡುಗೆ ಸಮಾರಂಭವೂ ಇಲ್ಲದೆ ನಿವೃತ್ತವಾದವು.

ಜಗಲಿಯಲ್ಲಿ ಆಡಿದ ಮಾತು ಎಲ್ಲೋ ದೂರದ ಸರ್ವರಿಗೆ ಹೋಗಿ, ಅಲ್ಲಿ ಅರ್ಥವಾಗಿ, ನಮ್ಮ ತಲೆಯ ಮೇಲಿನ ಬಲ್ಬಿಗೆ ಅಪ್ಪಣೆ ಮರಳುತ್ತದೆ. ಅಳಿಯನಿಗೆ ಇದು ವಿಸ್ಮಯ. ಇಲ್ಲಿಯ ಕಡತ 500 ಕಿಲೋಮೀಟರಿಗೂ ಆಚೆಯ ತಿರುವನಂತಪುರಕ್ಕೆ ಹೋಗಿ ಬರುವುದನ್ನು, ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಕಾಯುತ್ತಿರುವ ನಮಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಡಬ್ಬಿಯದು ಸ್ವಲ್ಪ ಚುರುಕು, ಅಷ್ಟೇ.

ಸಂಜೆ ಅಮ್ಮ ಡಬ್ಬಿಯನ್ನು ಹೆಸರು ಹಿಡಿದು ಕರೆದು, ‘ದೀಪ ಹಾಕಪ್ಪಾ’ ಎಂದಳು. ನೀಲಿ ಉಂಗುರ ಹೊತ್ತಿತು, ಸುತ್ತಿತು, ಆರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಾಗಲೂ ದೆಹಲಿಯಲ್ಲಿ ಇಂಥದೇ ಉಂಗುರ ಸುತ್ತಿರಬೇಕು.

‘ಅಜ್ಜಿ, ಇಂಗ್ಲಿಷಿನಲ್ಲಿ ಹೇಳಿ, ಎರಡೇ ಶಬ್ದ’ ಎಂದ ಅಳಿಯ. ಎರಡೇ ಶಬ್ದ ಕಲಿತುಕೊಳ್ಳಿ ಎಂಬ ಉಪದೇಶ ಅಮ್ಮನಿಗೆ ಕಚೇರಿಗಳ ಕಿಟಕಿಯಲ್ಲಿ ಎಷ್ಟೋ ಸಲ ಸಿಕ್ಕಿದೆ. ಅಲ್ಲಿ ಭಾಷೆ ಮಾತ್ರ ಮಲಯಾಳ.

ಆ ರಾತ್ರಿ ಲೈನಿನ ಮೇಲೆ ತೆಂಗಿನ ಮಡಲು ಬಿದ್ದು ಕರೆಂಟು ಹೋಯಿತು; ಎರಡು ಗಂಟೆಗೆ ಮರಳಿತು. ಹೋದ ಕರೆಂಟು ಬಂದೊಡನೆ ಪೂರ್ತಿ ಹೊತ್ತಿಕೊಳ್ಳುವುದು ಇಂಥ ಬಲ್ಬುಗಳ ಹುಟ್ಟುಗುಣ. ಸೆಟ್ಟಿಂಗಿನಲ್ಲಿ ಅದನ್ನು ಬದಲಿಸಲು ಅಳಿಯ ಮರೆತಿದ್ದ. ನಡುರಾತ್ರಿ ಮನೆ ಮದುವೆಮನೆಯಾಯಿತು. ಬೆಳಗಾಯಿತೆಂದು ಅಮ್ಮ ಎದ್ದು ಕಾಫಿಗೆ ನೀರಿಟ್ಟಳು.

ದೀಪವನ್ನು ‘ಆರಿಸು’ ಎನ್ನುವ ನಾಲಿಗೆ ಅವಳದಲ್ಲ; ‘ಶಾಂತ ಮಾಡು’ ಎನ್ನುವವಳು. ಯಾವ ಮಾತಿಗೆ ಯಾವ ಕೆಲಸ ಎಂದು ನಾವೇ ಬರೆದುಕೊಡುವ ಸೌಕರ್ಯವೂ ಡಬ್ಬಿಯಲ್ಲಿದೆ. ಅಳಿಯ ‘ದೀಪ ಶಾಂತ’ವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ನನ್ನ ಫೋನಿನ ಹೆಸರುಗಳ ಪಟ್ಟಿಯನ್ನೂ ಅದಕ್ಕೆ ಜೋಡಿಸಿ ಬಸ್ಸು ಹತ್ತಿದ.

ರಾತ್ರಿ ಅಮ್ಮ ಹೇಳಿದಳು. ಉಂಗುರ ಸುತ್ತಿತು. ಪುತ್ತೂರಿನ ಶಾಂತತ್ತೆಗೆ ಫೋನು ಹೋಯಿತು.

‘ಎಂತ ಅತ್ತಿಗೆ, ಇಷ್ಟು ಹೊತ್ತಿನಲ್ಲಿ? ಎಲ್ಲರೂ ಹುಷಾರಿದ್ದೀರಾ?’ ಎಂದು ಡಬ್ಬಿ ಅಚ್ಚ ಕನ್ನಡದಲ್ಲಿ ಗಾಬರಿಯಾಯಿತು. ಅಮ್ಮನ ಮುಖ ಅರಳಿತು. ಅಡಕೆಯ ಧಾರಣೆ, ಮಂಡಿನೋವು, ಮೊಮ್ಮಗಳ ಜಾತಕ ಎಂದು ಮುಕ್ಕಾಲು ಗಂಟೆ ಮಾತಾಯಿತು. ಬಲ್ಬು ಉರಿಯುತ್ತಲೇ ಇತ್ತು.