ಹಿಂಡಿ ಪಾಕೀಟಿನ ರಬ್ಬರ್

ಕಲಬುರ್ಗಿ ಎಸ್‌ವಿಪಿ ಸರ್ಕಲ್‌ನ್ಯಾಗ ನಮ್ಮ ಕಾರ್ ಮೂರ್ನೇ ಸಲ ಬಂದ್ ಬಿದ್ದಾಗ ಹಿಂದಿನ ಆಟೋದವ ಇಳ್ದು ಬಂದು "ಸಾವ್ಕಾರ್ರೆ, ನೂಕ್ಲೇನ್ರಿ?" ಅಂದ. ಬೈದಿದ್ರ ಅಷ್ಟು ಬ್ಯಾಸರ ಆಗ್ತಿರ್ಲಿಲ್ಲ, ಅಂವ ಕನಿಕರ ಪಟ್ಟ ನೋಡ್ರಿ, ಅದು ತಡೀಲಿಲ್ಲ. 2008ರ ಗಾಡಿ. ಮೇ ತಿಂಗಳು, ಹೊರಗ 42 ಡಿಗ್ರಿ, ಏಸಿ ಹಾಕಿದ್ರ ಇಂಜಿನ್ ಗಡಗಡ ನಡುಗಿ ಆರ್‌ಪಿಎಂ, ಅಂದ್ರ ಇಂಜಿನ್ ನಿಮಿಷಕ್ಕ ತಿರುಗೋ ಸುತ್ತು, 400ಕ್ಕ ಇಳ್ದು ಸತ್ತೇ ಹೋಗ್ತದ.

ಐಡಲ್ ಕಂಟ್ರೋಲ್ ವಾಲ್ವ್‌ನ್ಯಾಗ ಮಸಿ ಕುಂತದ ಅಂತ ನಾನೇ ತೀರ್ಮಾನ ಮಾಡ್ದೆ. ಎಕ್ಸಿಲೇಟರ್ ಬಿಟ್ಟಾಗ ಇಂಜಿನ್‌ಗಿ ಗಾಳಿ ಹೋಗೋ ಥ್ರಾಟಲ್ ಬಾಗ್ಲ ಮುಚ್ಕೋತದಲ್ಲ, ಆಗ ಪಕ್ಕದ ಸಣ್ಣ ಸಂದಿಲಿಂದ ಇಂಜಿನ್‌ಗಿ ಉಸಿರು ಬಿಡೋದು ಇದೇ, ಆ ಸಂದಿ ಕಟ್ಕೊಂಡ್ರ ಇಂಜಿನ್ ಏನ್ ಮಾಡ್ಬೇಕು ಪಾಪ.

ಐತ್ವಾರ ಮುಂಜಾನಿ ಬಿಸಿಲು ಏರೋದ್ರಾಗ ಬ್ಯಾಟರಿ ಮೈನಸ್ ವೈರ್ ಬಿಚ್ಚಿದೆ, ಪ್ಲಗ್ ತೆಗೆದೆ, ಉಳ್ದಿದ್ದು ಎರಡೇ ಸ್ಕ್ರೂ. ಒಂದು ಬಂತು. ಇನ್ನೊಂದು ಇಂಜಿನ್ ಕೆಳಗ ಎಲ್ಲೋ ಟಣ್ ಅಂತು, ಅದನ್ನ ಫ್ರಿಜ್ ಮ್ಯಾಗಿನ ಮ್ಯಾಗ್ನೆಟ್ ದಾರಕ್ಕ ಕಟ್ಟಿ ಬಾವಿಗಿ ಬಿದ್ದ ಕೊಡ ಎತ್ತಿದಂಗ ಎತ್ತೂದ್ರಾಗ ಎಂಟೂವರಿ ಆಯ್ತು. ವಾಲ್ವ್‌ನ ಮೂತಿ ಕೈಲೆ ಒತ್ತಬಾರದು, ಕ್ಲೀನರ್ ಮೋಟರ್ ಕಡಿ ಹೋಗಬಾರದು, ಅದಕ್ಕ ಮೂತಿ ಕೆಳಗ ಮಾಡಿ ಸ್ಪ್ರೇ ಹೊಡ್ದೆ. ಕಾಡಿಗಿಯಂಥ ನೀರು ಸುರೀತು, ಎಲ್ಲಾ ಸ್ಟೀಲ್ ಗಂಗಾಳದಾಗ. ಯಾರ ಗಂಗಾಳ ಅಂತ ಮನಿಯಾಕಿ ಆಮ್ಯಾಗ ತಿಳಿಸಿ ಹೇಳಿದ್ಳು, ಬಾಜು ಮನಿ ತನಕ ಕೇಳಂಗ.

ವಾಲ್ವ್ ಒಣಗ್ಲಿ ಅಂತ ಕಟ್ಟಿ ಮ್ಯಾಲ ಇಟ್ಟು ರೊಟ್ಟಿ ತಿಂದು ಬಂದೆ, ಕೂಡಿಸ್ದೆ, ಕೀಲಿ ತಿರುವಿದೆ. ಹೋ ಅಂತ 2000ಕ್ಕ ಏರಿ ಅಲ್ಲೇ ನಿಂತ್ತು, ಕಾಲು ಎಕ್ಸಿಲೇಟರ್ ಮ್ಯಾಲ ಇಲ್ಲೇ ಇಲ್ಲ! ಬಾಜು ಮನಿ ಕಾಕಾ ಮಾಳಿಗಿ ಮ್ಯಾಲಿಂದ ಬಗ್ಗಿ "ಏನೋ ತಮ್ಮಾ, ಈಗ್ಯಾವ ತೊಗರಿ ರಾಶಿ ಮಾಡ್ಲತ್ತೀ?" ಅಂದ.

ಕಿವಿ ಹಚ್ಚಿದ್ರ ವಾಲ್ವ್ ಬುಡದಾಗ ಸುಸ್ ಅಂತ ಗಾಳಿ ಎಳೀಲತ್ತದ. ಅಲ್ಲಿ ಒಂದು ರಬ್ಬರ್ ರಿಂಗ್ ಇರ್ಬೇಕಿತ್ತು. ಕಟ್ಟಿ ಮ್ಯಾಲಿಲ್ಲ, ಮೋರಿಯಾಗಿಲ್ಲ, ಮಗನ ಕಿಸೆ ಸುದ್ದಾ ತಪಾಸ್ ಮಾಡ್ದೆ. ಐತ್ವಾರ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿ ತೆಗ್ದಿರ್ತದ ಅಂತ ಚಿಂತಿ ಮಾಡ್ಕೋತ ಅಡಗಿಮನಿಗಿ ನೀರು ಕುಡೀಲಿಕ್ಕ ಹೋದ್ರ ಕಪಾಟಿನ್ಯಾಗ ಶೇಂಗಾ ಹಿಂಡಿ (ಚಟ್ನಿಪುಡಿ) ಪಾಕೀಟು, ಅದರ ಕುತ್ತಿಗಿಗಿ ಕರ್ರಗ ದಪ್ಪನ ರಬ್ಬರ್. ಅವ್ವ ಕಟ್ಟಿ ಮ್ಯಾಲ ಬಿದ್ದದ್ದು ಕಂಡು ಹಾಳಾಗ್ತದ ಅಂತ ತೊಳ್ದು ಹಾಕ್ಯಾಳ.

ಹಿಂಡಿ ಒರೆಸಿ ಹಚ್ಚಿದೆ. ಸ್ವಲ್ಪ ಹೊತ್ತು ಮ್ಯಾಲ ಕೆಳಗ ಆಡಿ 800ಕ್ಕ ಬಂದು ಕುಂತ್ತು. ಏಸಿ ಹಾಕ್ದೆ, ಅಲುಗ್ಲಿಲ್ಲ. ಬೆಳ್ಳುಳ್ಳಿ ವಾಸನಿ ಮಾತ್ರ ಬಂತೋ ಇಲ್ಲ ನನ್ನ ಭ್ರಮಿಯೋ ಗೊತ್ತಿಲ್ಲ.

ರಾತ್ರಿ ಊಟಕ್ಕ ಕುಂತಾಗ ಅವ್ವ ಕೇಳಿದ್ಳು, "ಆ ಕರಿ ರಬ್ಬರ್ ಭಾಳ ಬಿಗಿ ಕುಂತಿತ್ತೋ, ಯಾರು ಬಿಚ್ಚಿದ್ರು? ಹಿಂಡಿ ಎಲ್ಲಾ ಮೆತ್ತಗಾಗ್ಯದ ನೋಡು."