ಸೂಜಿ ಹಾಲು ಹುಟ್ಟಿಸಲ್ಲ

ಆಕ್ಸಿಟೋಸಿನ್ ಅನ್ನೋ ಹಾರ್ಮೋನಿನ ಸೂಜಿ ಹಾಕಿದರೆ ಹಸುವಿನಲ್ಲಿ ಹಾಲು ಜಾಸ್ತಿ ಹುಟ್ಟುತ್ತದೆ ಅಂತ ಬರೆದಿದ್ದೀರಲ್ಲ, ಅದು ಸರಿಯಲ್ಲ. ಕೆಚ್ಚಲೊಳಗೆ ಆಗಲೇ ತುಂಬಿರುವ ಹಾಲಿನ ಸಣ್ಣ ಸಣ್ಣ ಚೀಲಗಳ ಸುತ್ತ ಸ್ನಾಯುವಿನಂಥ ಕೋಶಗಳಿರುತ್ತವೆ, ಅವು ಬಿಗಿದು ಹಾಲನ್ನು ಹೊರಗೆ ತಳ್ಳುವಂತೆ ಆಕ್ಸಿಟೋಸಿನ್ ಮಾಡುತ್ತದೆ, ಅಷ್ಟೇ. ಕರು ಗುದ್ದಿದರೆ ಮಿದುಳಿನ ಅಡಿಯ ಪಿಟ್ಯುಟರಿ ಗ್ರಂಥಿಯೇ ಅದನ್ನು ಬಿಡುತ್ತದೆ. ರಕ್ತದಲ್ಲಿ ಅದರ ಆಟ ಕೆಲವೇ ನಿಮಿಷ, ಅದಕ್ಕೇ ಬೇಗ ಕರೆದು ಮುಗಿಸಬೇಕು.

ನಮ್ಮದು ಚನ್ನರಾಯಪಟ್ಟಣ ಕಡೆ. ಹೋದ ದೀಪಾವಳಿಯಲ್ಲಿ ಹುಡುಗರು ಕೊಟ್ಟಿಗೆ ಹಿಂದೆಯೇ ಪಟಾಕಿ ಹೊಡೆದರು, ಹೊತ್ತಿಗೆ 6 ಲೀಟರ್ ಕೊಡೋ ಹಸು 2ಕ್ಕೇ ನಿಲ್ಲಿಸಿತು. ಹಾಲು ಇರಲಿಲ್ಲ ಅಂತಲ್ಲ, ಗಾಬರಿಗೆ ಅಡ್ರಿನಲಿನ್ ಅನ್ನೋ ಇನ್ನೊಂದು ಹಾರ್ಮೋನು ಏರಿ ಆಕ್ಸಿಟೋಸಿನ್ ಕೆಲಸಕ್ಕೆ ಅಡ್ಡ ಬಂದಿತ್ತು. ನಮ್ಮಮ್ಮ ಸುಮ್ನೆ ಅರ್ಧ ಗಂಟೆ ಬಿಟ್ಟು, ಕೆಚ್ಚಲನ್ನು ಬಿಸಿನೀರಲ್ಲಿ ಒರೆಸಿ, ಕರು ಬಿಟ್ಟು ಕೂತರು ನೋಡಿ, ಉಳಿದದ್ದೂ ಇಳಿಯಿತು.