ಅಪ್ಪನಿಗೆ ಅರವತ್ತೇಳು ತುಂಬಿತಂತೆ

ಈ ತಿಂಗಳೂ ಅಮ್ಮನ ಪೆನ್ಶನ್ನಿನಲ್ಲಿ ಕಂತು ಹಿಡಿದಿದ್ದಾರೆ. ಮೊಬೈಲಿಗೆ ಮೆಸೇಜು ಬಂದಾಗಲೆಲ್ಲ ನನಗೆ ಬಿಪಿ ಏರುತ್ತದೆ. ಸಾಲ ಮಾಡಿ ಕಂತು ಕಟ್ಟುವುದಾದರೆ ಒಂದು ಸಮಾಧಾನ ಇರುತ್ತದೆ, ಮನೆಯಲ್ಲಿ ಫ್ರಿಜ್ಜೋ ಸ್ಕೂಟರೋ ಕಣ್ಣೆದುರು ನಿಂತಿರುತ್ತದೆ. ನಾವು ಕಟ್ಟುತ್ತಿರುವುದು ಬ್ಯಾಂಕಿನವರು ತಾವಾಗಿ ತಾವೇ ಜಾಸ್ತಿ ಹಾಕಿದ ದುಡ್ಡಿನ ಕಂತು. ಆ ದುಡ್ಡೋ, ಹಾಲು, ಗ್ಯಾಸು, ಮಂಡಿನೋವಿನ ಮಾತ್ರೆ, ಮೊಮ್ಮಗಳ ಹುಟ್ಟುಹಬ್ಬ ಅಂತ ಯಾವತ್ತೋ ಖರ್ಚಾಗಿ ಹೋಗಿದೆ.

ವಿಷಯ ಇಷ್ಟೇ. ಅಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. 60ಕ್ಕೆ ರಿಟೈರ್ ಆದರು, 63ಕ್ಕೆ ಹೋಗಿಬಿಟ್ಟರು. ಅಮ್ಮನಿಗೆ ಫ್ಯಾಮಿಲಿ ಪೆನ್ಶನ್ ಶುರುವಾಯಿತು. ಈ ಫ್ಯಾಮಿಲಿ ಪೆನ್ಶನ್ನಿಗೆ ಎರಡು ರೇಟು. ಮೊದಮೊದಲು ಕೊನೆಯ ಮೂಲ ವೇತನದ ಶೇ. 50. ಅದು ಏಳು ವರ್ಷದವರೆಗೆ, ಇಲ್ಲವೇ ಹೋದವರು ಬದುಕಿದ್ದಿದ್ದರೆ ಅವರಿಗೆ 67 ತುಂಬುವವರೆಗೆ, ಯಾವುದು ಮೊದಲು ಬರುತ್ತೋ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಶೇ. 30. ಕೊನೆಯ ಮೂಲ ವೇತನ 40,000 ಇತ್ತು ಅಂದುಕೊಳ್ಳಿ, 20,000 ಬರುತ್ತಿದ್ದದ್ದು 12,000ಕ್ಕೆ ಇಳಿಯಬೇಕು. ಮೇಲಿನ ತುಟ್ಟಿಭತ್ಯೆಯೂ ಅದರ ಜೊತೆಗೇ ಇಳಿಯಬೇಕು. ಯಾವ ತಾರೀಕಿಗೆ ಇಳಿಸಬೇಕು ಅಂತ ಪೆನ್ಶನ್ ಆರ್ಡರಿನಲ್ಲೇ ಅಚ್ಚಾಗಿತ್ತು. ಆ ತಾರೀಕು ಬಂತು, ಹೋಯಿತು. ಬ್ಯಾಂಕಿನಲ್ಲಿ ಯಾರೂ ಇಳಿಸಲಿಲ್ಲ. ವರ್ಷಗಳಾದ ಮೇಲೆ ಆಡಿಟ್ಟಿನವರು ಬಂದು ಪುಟ ತಿರುವಿದರು, ಅಮ್ಮನಿಗೆ ಕಾಗದ ಬಂತು.

ಕಾಗದ ಹಿಡಿದು ಅಮ್ಮನನ್ನು ಕರೆದುಕೊಂಡು ಕುವೆಂಪುನಗರದ ಶಾಖೆಗೆ ಹೋದೆ. ಪೆನ್ಶನ್ ನೋಡುವ ಆಫೀಸರ್ ಒಳ್ಳೆಯ ಹುಡುಗನೇ. ಹೊಸದಾಗಿ ವರ್ಗವಾಗಿ ಬಂದವನು, ತಪ್ಪು ಅವನ ಕಾಲದ್ದಲ್ಲ. ಅಮ್ಮನಿಗೆ ಕುರ್ಚಿ ಹಾಕಿಸಿ, ಕಂಪ್ಯೂಟರ್ ನೋಡಿಕೊಂಡು ವಿವರಿಸಲು ಶುರು ಮಾಡಿದ.

"ನೋಡಿ ಅಮ್ಮ, ನಿಮ್ಮ ಯಜಮಾನರಿಗೆ 67 ತುಂಬಿತಲ್ಲ, ಅವತ್ತಿಂದ ಕಡಿಮೆ ಆಗಬೇಕಿತ್ತು."

"ಯಾರಿಗೆ ತುಂಬಿತು?"

"ನಿಮ್ಮ ಯಜಮಾನರಿಗೆ."

"ಅವರು ಹೋಗಿದ್ದು ಅರವತ್ಮೂರಕ್ಕೆ."

"ಹೌದಮ್ಮ. ಆದರೆ 67 ತುಂಬಿದ್ದು ಅದಾಗಿ ನಾಲ್ಕು ವರ್ಷಕ್ಕೆ."

ಅಮ್ಮ ನನ್ನ ಮುಖ ನೋಡಿದಳು. ನಾನು ಗೋಡೆ ಮೇಲಿದ್ದ ಬಡ್ಡಿದರದ ಬೋರ್ಡು ನೋಡಿದೆ.

"ಅಂದರೆ, ಹೋದಮೇಲೂ ಅವರಿಗೆ ವಯಸ್ಸಾಗ್ತಾ ಇದೆಯಾ?"

"ಹಾಗಲ್ಲ ಅಮ್ಮ, ಲೆಕ್ಕಕ್ಕೆ ಮಾತ್ರ."

"ಈಗೆಷ್ಟು ಲೆಕ್ಕದಲ್ಲಿ?"

ಆ ಹುಡುಗ ನಿಜವಾಗಲೂ ಕೀಬೋರ್ಡ್ ಒತ್ತಿ ನೋಡಿದ. "ಎಪ್ಪತ್ತೊಂದು ನಡೀತಾ ಇದೆ" ಅಂದ. ಹಿಂದೆ ಡಿಡಿ ಮಾಡಿಸಲು ನಿಂತಿದ್ದವರೊಬ್ಬರು ಕೆಮ್ಮಿದರು. ಕೆಮ್ಮೋ ನಗುವೋ ಗೊತ್ತಾಗಲಿಲ್ಲ.

ಅಮ್ಮ ಬಿಡಲಿಲ್ಲ. "ಅರವತ್ತೇಳು ತುಂಬಿದ್ದು ನಮಗೆ ತಿಳಿಸಬೇಕಾಗಿತ್ತಲ್ಲಪ್ಪ. ಒಂದು ಪಾಯಸನಾದ್ರೂ ಮಾಡ್ತಿದ್ದೆ." ಹುಡುಗ ಏನು ಹೇಳಬೇಕೋ ತಿಳಿಯದೆ ಸ್ಟೇಪ್ಲರಿಗೆ ಪಿನ್ನು ತುಂಬಿಸತೊಡಗಿದ. ಅದು ಮೊದಲೇ ತುಂಬಿತ್ತು.

ನನ್ನ ಸಿಟ್ಟು ಬೇರೆ. ಪ್ರತಿ ನವೆಂಬರಿನಲ್ಲಿ ಇದೇ ಶಾಖೆಯವರು ಅಮ್ಮನನ್ನು ಬದುಕಿದ್ದೀಯಾ ಅಂತ ಕೇಳುತ್ತಾರೆ. ಬದುಕಿರುವ ಪ್ರಮಾಣಪತ್ರ ಕೊಡಬೇಕು, ಯಂತ್ರದ ಮೇಲೆ ಬೆರಳಿಡಬೇಕು. ಪಾತ್ರೆ ತಿಕ್ಕಿ ತಿಕ್ಕಿ ಅಮ್ಮನ ಬೆರಳಿನ ಗೆರೆಗಳೆಲ್ಲ ಸವೆದಿವೆ. ಯಂತ್ರ ಕೆಂಪು ದೀಪ ಹತ್ತಿಸಿ ಇವರಲ್ಲ ಅನ್ನುತ್ತದೆ. ಹೆಬ್ಬೆರಳು ಆಯಿತು, ತೋರುಬೆರಳು ಆಯಿತು, ಸೆರಗಿಗೆ ಒರೆಸಿ ಇಡಿ, ಸ್ವಲ್ಪ ಒತ್ತಿ ಇಡಿ, ಅಷ್ಟು ಒತ್ತಬೇಡಿ. ಎದುರಿಗೆ ಕೂತು ಮಾತಾಡುತ್ತಿರುವ ಹೆಂಗಸು ಇದ್ದಾಳೋ ಇಲ್ಲವೋ ಅಂತ ಇಷ್ಟೊಂದು ತಲೆಕೆಡಿಸಿಕೊಳ್ಳುವವರು, ಅದೇ ಖಾತೆಯಲ್ಲಿದ್ದ ಇನ್ನೊಂದು ತಾರೀಕು ನೋಡಲಿಲ್ಲ, ಅಲ್ವಾ? ಹಾಗಂತ ಹುಡುಗನನ್ನು ಕೇಳಿದೆ. "ಅದು ಸಿಸ್ಟಮ್ ಸರ್" ಅಂದ. ತಪ್ಪಾಯಿತು ಅನ್ನಲು ಆ ಸಿಸ್ಟಮ್ಮಿಗೆ ಬಾಯಿಲ್ಲ. ವಸೂಲಿ ಕಾಗದ ಕಳಿಸಲು ಮಾತ್ರ ನಮ್ಮ ಮನೆಯ ಅಡ್ಡರಸ್ತೆಯ ನಂಬರು ಸಮೇತ ವಿಳಾಸ ಗೊತ್ತು.

ಮನೆಗೆ ಬಂದರೆ ಮಂಡ್ಯದ ಮಾಮ ಕೂತಿದ್ದರು. ಕೋರ್ಟಿನಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. ಮಾತೆತ್ತಿದರೆ ಕಾನೂನು. "ಒಂದು ಪೈಸೆನೂ ಕಟ್ಬ್ಯಾಡ ಕಣಕ್ಕ! 2014ರಲ್ಲೇ ಸುಪ್ರೀಂ ಕೋರ್ಟ್ ಹೇಳೈತೆ. ರಫೀಕ್ ಮಸೀಹ್ ಕೇಸು. ರಿಟೈರ್ ಆದೋರ ಹತ್ರ, ಸಣ್ಣ ನೌಕರರ ಹತ್ರ, ಇವರ ತಪ್ಪಿಂದ ಜಾಸ್ತಿ ಹೋದ ದುಡ್ಡು ವಸೂಲಿ ಮಾಡಂಗಿಲ್ಲ." ಅಮ್ಮ ಖುಷಿಯಿಂದ ಅವರಿಗೆ ಇನ್ನೆರಡು ಚಿರೋಟಿ ಹಾಕಿದಳು.

ಮುಂದಿನ ವಾರ ಮಾಮ ಮತ್ತೆ ಬಂದರು. ಸ್ವರ ಅದೇ, ಕಾನೂನು ಬೇರೆ. "ಕಟ್ಲೇಬೇಕು ಕಣಕ್ಕ! 1872ರ ಕರಾರು ಕಾಯ್ದೆ, 72ನೇ ಕಲಂ. ತಪ್ಪಿ ಬಂದ ದುಡ್ಡು ವಾಪಸ್ ಕೊಡಬೇಕು. 2016ರಲ್ಲಿ ಜಗದೇವ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳೈತೆ, ಜಾಸ್ತಿ ಬಂದ್ರೆ ಹಿಂದಿರುಗಿಸ್ತೀನಿ ಅಂತ ಮುಚ್ಚಳಿಕೆ ಬರೆದುಕೊಟ್ಟಿದ್ರೆ ತಪ್ಪಿಸ್ಕೊಳ್ಳಂಗಿಲ್ಲ. ನೀನು ಬರ್ಕೊಟ್ಟಿದೀಯಾ?"

ಬರೆದುಕೊಟ್ಟಿದ್ದಳು. ಪೆನ್ಶನ್ ಶುರುವಾಗುವಾಗ ಎಲ್ಲರಿಂದಲೂ ಬರೆಸಿಕೊಳ್ಳುತ್ತಾರೆ. ಬ್ಯಾಂಕಿನ ಹುಡುಗ ಅದರ ಜೆರಾಕ್ಸ್ ತೋರಿಸಿದ್ದ. ಅಪ್ಪ ಹೋಗಿ ಆಗ ತಿಂಗಳೂ ತುಂಬಿರಲಿಲ್ಲ. ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿದ ಕಡೆಯೆಲ್ಲ ಅಮ್ಮ ಸಹಿ ಹಾಕುತ್ತಾ ಹೋಗಿದ್ದಳು. ಏನು ಬರೆದಿದೆ ಅಂತ ಅವಳೂ ಓದಲಿಲ್ಲ, ಓದಿ ಹೇಳುವ ಸ್ಥಿತಿಯಲ್ಲಿ ನಮ್ಮಲ್ಲಿ ಯಾರೂ ಇರಲಿಲ್ಲ. ಮೊದಲ ಸಹಿಯಲ್ಲಿ ಅಮ್ಮನ ಹೆಸರು ಪೂರ್ತಿ ಇದೆ. ಕೊನೆಯ ಹಾಳೆಯ ಹೊತ್ತಿಗೆ ಬರೀ ಮೊದಲಕ್ಷರ, ಆಮೇಲೊಂದು ಗೆರೆ.

ಅಲ್ಲಿಗೆ ನನ್ನ ವಾದವೂ ಮುಗಿಯಿತು. ದುಡ್ಡು ಬ್ಯಾಂಕಿನದಲ್ಲ, ಸರ್ಕಾರದ್ದು. ಬ್ಯಾಂಕು ಹಂಚುವ ಏಜೆಂಟು ಅಷ್ಟೇ. ಸರ್ಕಾರ ಅವರ ಕುತ್ತಿಗೆ ಹಿಡಿಯುತ್ತದೆ, ಅವರು ನಮ್ಮದು ಹಿಡಿಯುತ್ತಾರೆ. ನಮಗೆ ಬರಬೇಕಾದ ಹಣ ಅದಾಗಿರಲಿಲ್ಲ ಅನ್ನುವುದೂ ನಿಜವೇ. ಅರ್ಥವಾಯಿತು. ಅರ್ಥವಾದರೆ ಸಿಟ್ಟು ಇಳಿಯುತ್ತೆ ಅಂತ ಯಾರು ಹೇಳಿದರೋ, ಅವರಿಗೆ ವಸೂಲಿ ಕಾಗದ ಬಂದಿರಲಿಕ್ಕಿಲ್ಲ.

ಕಂತು ಮಾಡಿಸಿಕೊಳ್ಳಲು ಮತ್ತೆ ಹೋದೆವು. ಒಂದೇ ಸಲಕ್ಕೆ ಕಟ್ಟಲು ಆಗಲ್ಲ, ತಿಂಗಳಿಗೆ ಇಷ್ಟು ಹಿಡಿಯಿರಿ ಅಂತ ಅರ್ಜಿ ಕೊಟ್ಟೆವು, ಒಪ್ಪಿದರು. ಎದ್ದು ಹೊರಡುವಾಗ ಹುಡುಗನಿಗೆ ಅಯ್ಯೋ ಅನ್ನಿಸಿರಬೇಕು, ಸಮಾಧಾನ ಹೇಳಿದ.

"ಬೇಜಾರು ಮಾಡ್ಕೋಬೇಡಿ ಅಮ್ಮ. ಎಂಬತ್ತು ತುಂಬಿದರೆ ಪೆನ್ಶನ್ ಶೇ. 20 ಜಾಸ್ತಿ ಆಗುತ್ತೆ."

ಅಮ್ಮ ಚೀಲ ಕೆಳಗಿಟ್ಟು ಮತ್ತೆ ಕೂತಳು. "ಯಾರಿಗೆ ತುಂಬಿದರೆ? ನನಗಾ, ಅವರಿಗಾ?"

"ನಿಮಗೇ ಅಮ್ಮ, ನಿಮಗೇ!"

"ಕಡಿಮೆ ಮಾಡೋಕೆ ಅವರ ವಯಸ್ಸು, ಜಾಸ್ತಿ ಮಾಡೋಕೆ ನನ್ನ ವಯಸ್ಸಾ? ಅವರಿಗೆ ಮೊದಲು ತುಂಬುತ್ತಲ್ಲಪ್ಪ. ಅವರದ್ದೇ ಹಿಡ್ಕೊ."

ಹುಡುಗ ಈ ಸಲ ಸ್ಟೇಪ್ಲರ್ ಮುಟ್ಟಲಿಲ್ಲ. ನೀರು ಕುಡಿದು ಬರುತ್ತೇನೆ ಅಂತ ಎದ್ದುಹೋದ.

ಈ ತಿಂಗಳು ಇನ್ನೊಂದು ತಮಾಷೆ. ತುಟ್ಟಿಭತ್ಯೆ ಏರಿತು. ಜುಲೈಯಿಂದ ಬರಬೇಕಾದ ಬಾಕಿಯೂ ಸೇರಿ ಖಾತೆಗೆ ಬಿತ್ತು. ಬೇರೆ ಪೆನ್ಶನ್‌ದಾರರೆಲ್ಲ ಪಾರ್ಕಿನಲ್ಲಿ ಅದನ್ನೇ ಮಾತಾಡಿಕೊಂಡು ಮೈಸೂರುಪಾಕ್ ಹಂಚಿದರಂತೆ. ಅಮ್ಮ ಆ ದುಡ್ಡು ಮುಟ್ಟಿಲ್ಲ. "ಇರಲಿ, ಕೇಳ್ಕೊಂಡು ಬರ್ತಾರೆ" ಅಂತಾಳೆ. ಇದು ನಮ್ಮದೇ ಅಂತ ಬ್ಯಾಂಕಿನಿಂದ ಬರಹದಲ್ಲಿ ತರಬೇಕಂತೆ, ಸೀಲು ಹಾಕಿಸಿ. ನಾಳೆ ಬೆಳಗ್ಗೆ ಹೋಗಬೇಕು. ಅರ್ಜಿ ಆಗಲೇ ಬರೆದಿಟ್ಟಿದ್ದಾಳೆ. ನನಗೆ ಓದಲು ಕೊಟ್ಟು, ಓದಿ ಮುಗಿಸುವವರೆಗೂ ಪೆನ್ನು ಕೈಗೆ ತಗೊಳ್ಳಲಿಲ್ಲ. ಆಮೇಲೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ವಿಷಯ ಅನ್ನುವ ಕಡೆ ಹೀಗಿದೆ: "ನನ್ನ ಖಾತೆಗೆ ಜಾಸ್ತಿ ಹಣ ಬಂದಿರುವ ಬಗ್ಗೆ ದೂರು."